ಶಾಲೆಯ ಲ್ಯಾಮಿಂಗ್ಟನ್ ಡ್ರೈವ್‌ನಲ್ಲಿ ಕಲಿತ ಕೇಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಸ್ಬೇನ್‌ನಲ್ಲಿ ಮಕ್ಕಳ ಶಾಲೆಗೆ ಹಣ ಸಂಗ್ರಹಿಸುವ ಕೆಲಸಕ್ಕೆ ಹೋದಾಗ ನಾನು ಲ್ಯಾಮಿಂಗ್ಟನ್ ಮಾಡುವುದನ್ನು ಕಲಿತೆ. ಈಗ ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಅಂದರೆ ಇದೇ ಕೇಕ್. ಇಲ್ಲಿನ ಕನ್ನಡದ ಗೆಳತಿಯರೂ ಹುಬ್ಬಳ್ಳಿಯ ಅಕ್ಕಂದಿರೂ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಇರುತ್ತವೆ. ಅದಕ್ಕೇ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಅಳತೆ ಮಾತ್ರ ಬೇಕಿದ್ದರೆ ನೇರ ಅಲ್ಲಿಗೇ ಹೋಗಿ.

ಲ್ಯಾಮಿಂಗ್ಟನ್ ಅಂದರೆ ಎಂಥ ಕೇಕ್?

ಚೌಕವಾಗಿ ಕತ್ತರಿಸಿದ ಸಾದಾ ಕೇಕ್ ತುಂಡನ್ನು ತೆಳು ಚಾಕೊಲೇಟ್ ಐಸಿಂಗ್‌ನಲ್ಲಿ ಅದ್ದಿ, ಒಣ ಕೊಬ್ಬರಿ ಪುಡಿಯಲ್ಲಿ ಹೊರಳಿಸುತ್ತಾರೆ. ಅಷ್ಟೇ. ಐಸಿಂಗ್ ಕೇಕಿನ ಹೊರಪದರಕ್ಕೆ ಸ್ವಲ್ಪ ಇಳಿದು ಅಂಚು ಒದ್ದೆಯಾಗಿರುತ್ತದೆ, ನಡುವೆ ಮೆತ್ತಗೆ ಒಣಗಿರುತ್ತದೆ. ಈ ಎರಡೂ ಒಂದೇ ತುತ್ತಿನಲ್ಲಿ ಸಿಗಬೇಕು. ನಮ್ಮ ಅಯ್ಯಂಗಾರ್ ಬೇಕರಿಯ ಹನಿ ಕೇಕ್ ತಿಂದು ಬೆಳೆದವರಿಗೆ ಕೊಬ್ಬರಿ ಉದುರುವ ಈ ಕೇಕ್ ಮೊದಲ ಸಲಕ್ಕೇ ಹಿಡಿಸುತ್ತದೆ. ಅಲ್ಲಿ ಜೇನು ಪಾಕ, ಮೇಲೆ ಜಾಮ್, ಇಲ್ಲಿ ಚಾಕೊಲೇಟ್.

ಲ್ಯಾಮಿಂಗ್ಟನ್ ಡ್ರೈವ್ ಅಂದರೆ?

ಆಸ್ಟ್ರೇಲಿಯಾದ ಶಾಲೆಗಳು, ಸ್ಕೌಟ್ ಮತ್ತು ಗೈಡ್ ದಳಗಳು, ಚರ್ಚ್‌ಗಳು ಎಷ್ಟೋ ದಶಕಗಳಿಂದ ಹಣ ಕೂಡಿಸುತ್ತಾ ಬಂದಿರುವ ಒಂದು ದಾರಿ ಇದು. ಮೊದಲು ಆರ್ಡರ್ ಚೀಟಿ ಮನೆಮನೆಗೆ ಹೋಗುತ್ತದೆ. ಅಜ್ಜ ಅಜ್ಜಿ, ನೆರೆಯವರು, ಆಫೀಸಿನವರು ಡಜನ್ ಲೆಕ್ಕದಲ್ಲಿ ಬರೆಸಿ ದುಡ್ಡು ಕೊಡುತ್ತಾರೆ. ಆಮೇಲೆ ಒಂದು ದಿನ ಗೊತ್ತು ಮಾಡಿ, ಪೋಷಕರೆಲ್ಲ ಶಾಲೆಯ ಹಾಲ್‌ನಲ್ಲಿ ಸೇರಿ, ಕೇಕ್ ಕತ್ತರಿಸಿ, ಅದ್ದಿ, ಹೊರಳಿಸಿ, ಡಬ್ಬಿ ಕಟ್ಟುತ್ತಾರೆ. ಆರ್ಡರ್ ಮೊದಲೇ ಗೊತ್ತಿರುವುದರಿಂದ ಏನೂ ಉಳಿಯುವುದಿಲ್ಲ, ನಷ್ಟವೂ ಇಲ್ಲ. ಎಷ್ಟೋ ಕಡೆ ಬೇಕರಿಯಿಂದಲೇ ದೊಡ್ಡ ಕೇಕ್ ಹಾಳೆಗಳನ್ನು ತರಿಸುತ್ತಾರೆ. ಪೋಷಕರ ಕೆಲಸ ಅದ್ದುವುದರಿಂದ ಶುರು.

ಇದನ್ನು ನಡೆಸುವುದು ಸಾಮಾನ್ಯವಾಗಿ ಪಿ ಆ್ಯಂಡ್ ಸಿ, ಅಂದರೆ ಪೋಷಕರು ಮತ್ತು ಊರವರ ಸಂಘ. ಆ ಹಣ ಆಟದ ಸಾಮಾನು, ಲೈಬ್ರರಿ ಪುಸ್ತಕ, ಆಟದ ಬಯಲಿಗೆ ನೆರಳಿನ ಚಪ್ಪರ, ಇಂಥದ್ದಕ್ಕೆ ಹೋಗುತ್ತದೆ.

ಲ್ಯಾಮಿಂಗ್ಟನ್ ಸಿಗುವ ಇನ್ನೊಂದು ಜಾಗ ಚುನಾವಣೆಯ ದಿನದ ಕೇಕ್ ಸ್ಟಾಲ್. ಇಲ್ಲಿ ಮತ ಹಾಕುವುದು ಕಡ್ಡಾಯ, ಮತದಾನ ಶನಿವಾರ, ಮತಗಟ್ಟೆ ಎಷ್ಟೋ ಕಡೆ ಶಾಲೆಯಲ್ಲೇ. ಸಾಲಿನಲ್ಲಿ ನಿಂತ ಊರಿಗೆ ಊರೇ ಗಿರಾಕಿ! ಗೇಟಿನ ಹತ್ತಿರ ಸಾಸೇಜ್ ಸುಡುತ್ತಿರುತ್ತಾರೆ. ಅದಕ್ಕೆ 'ಡೆಮಾಕ್ರಸಿ ಸಾಸೇಜ್' ಎಂದೇ ಹೆಸರು. 2016ರಲ್ಲಿ ಆ ಮಾತು ಆಸ್ಟ್ರೇಲಿಯಾದ ವರ್ಷದ ಪದವಾಗಿಯೂ ಆಯ್ಕೆಯಾಯಿತು. ನಮ್ಮಂಥ ಸಸ್ಯಾಹಾರಿಗಳಿಗೆ ಪಕ್ಕದ ಕೇಕ್ ಮೇಜೇ ಗತಿ, ಮತ್ತು ಅದು ಒಳ್ಳೆಯ ಗತಿ.

ನೀವು ಕಲಿತದ್ದು ಯಾರಿಂದ?

ಮೊಮ್ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದ ಒಬ್ಬ ಅಜ್ಜಿಯಿಂದ. ಹಾಲ್‌ನಲ್ಲಿ ಉದ್ದ ಮೇಜು. ಒಂದು ತುದಿಯಲ್ಲಿ ಕತ್ತರಿಸುವವರು, ಆಮೇಲೆ ಅದ್ದುವವರು, ಆಮೇಲೆ ಕೊಬ್ಬರಿಯವರು, ಕೊನೆಗೆ ಡಬ್ಬಿ ಕಟ್ಟುವವರು. ನನ್ನನ್ನು ಅವರ ಪಕ್ಕ, ಕೊಬ್ಬರಿ ತಟ್ಟೆಯ ಮುಂದೆ ನಿಲ್ಲಿಸಿದ್ದರು. ಅವರು ತುಂಡನ್ನು ಫೋರ್ಕ್ ಮೇಲೆ ಕೂರಿಸಿಕೊಂಡು ಐಸಿಂಗ್‌ನಲ್ಲಿ ಒಂದು ಸಲ ಮಗುಚಿ, ಎತ್ತಿ, ಫೋರ್ಕಿನ ಹಿಡಿಯನ್ನು ಬೋಗುಣಿಯ ಅಂಚಿಗೆ ಎರಡು ಸಲ ಮೆಲ್ಲಗೆ ಬಡಿಯುತ್ತಿದ್ದರು. ಹೆಚ್ಚಿನ ಚಾಕೊಲೇಟ್ ಎಳೆಯಾಗಿ ಇಳಿಯುತ್ತಿತ್ತು. ಆ ಎಳೆ ಕಡಿದು ಹನಿಯಾದ ಮೇಲೆಯೇ ತುಂಡು ನನ್ನ ತಟ್ಟೆಗೆ ಬರುತ್ತಿತ್ತು. ಅದಕ್ಕಿಂತ ಮುಂಚೆ ಬಿಟ್ಟರೆ ಕೊಬ್ಬರಿ ಕೆಸರಾಗುತ್ತದೆ, ತಡ ಮಾಡಿದರೆ ಅಂಟುವುದಿಲ್ಲ.

ಈ ಹದವನ್ನು ಬರೆದು ಹೇಳುವುದು ಕಷ್ಟ. ಪಕ್ಕದಲ್ಲಿ ನಿಂತು ನೋಡಿದರೆ ಐದು ನಿಮಿಷದಲ್ಲಿ ಬರುತ್ತದೆ. ಅಳತೆಗಳನ್ನು ಅವರು ನನ್ನ ಆರ್ಡರ್ ಚೀಟಿಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಟ್ಟರು. ಕೇಕ್ ನನಗೆ ಇಷ್ಟವಾದದ್ದು ರುಚಿಗೂ ಹೌದು, ಅದು ಬಂದ ದಾರಿಗೂ ಹೌದು. ಹೊಸ ದೇಶದಲ್ಲಿ ಯಾರ ಪರಿಚಯವೂ ಇಲ್ಲದಾಗ, ಒಂದು ಮಧ್ಯಾಹ್ನ ಇಡೀ ಸಾಲು ನನ್ನನ್ನು ತಮ್ಮವಳು ಅಂತ ನಡೆಸಿಕೊಂಡಿತು.

ಹಣ ಸಂಗ್ರಹಕ್ಕೆ ಇದೇ ಕೇಕ್ ಯಾಕೆ?

ಕಾರಣಗಳು ಅಡುಗೆಮನೆಯವೇ. ಒಂದು, ಇದಕ್ಕೆ ಹಿಂದಿನ ದಿನದ ಕೇಕ್ ಬೇಕು. ಹಾಗಾಗಿ ಕೆಲಸ ಎರಡು ದಿನಕ್ಕೆ ಹಂಚಿಕೆಯಾಗುತ್ತದೆ. ಎರಡು, ಮೇಲಿನ ಕೊಬ್ಬರಿ ಅಂಟು ಬಿಡುವುದಿಲ್ಲ. ಡಜನ್ ತುಂಡು ಒಂದೇ ಡಬ್ಬಿಯಲ್ಲಿ ಒತ್ತಾಗಿ ಕೂತರೂ ಒಂದಕ್ಕೊಂದು ಹತ್ತುವುದಿಲ್ಲ, ಕ್ರೀಮ್ ಇಲ್ಲದ್ದರಿಂದ ಫ್ರಿಜ್ ಕೂಡ ಬೇಡ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಪ್ರತಿ ಹಂತವೂ ಬಿಡಿ ಬಿಡಿ. ಕೇಕ್ ಮಾಡಿ ಗೊತ್ತೇ ಇಲ್ಲದವರೂ ಒಂದು ಹಂತವನ್ನು ಚೆನ್ನಾಗಿ ಮಾಡಬಹುದು.

ನಮ್ಮ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಸ್ಕೂಲಿಗೂ ಈ ಕೇಕಿಗೂ ಸಂಬಂಧ ಇದೆಯಾ?

ಇದೆ! ಊರಿನವರು ಇದನ್ನು ಕೇಳಿದಾಗೆಲ್ಲ ನನಗೆ ಖುಷಿ.

ಲಾರ್ಡ್ ಲ್ಯಾಮಿಂಗ್ಟನ್ 1896ರಿಂದ 1901ರವರೆಗೆ, ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್‌ನ ಗವರ್ನರ್ ಆಗಿದ್ದವರು. ಕೇಕಿಗೆ ಅವರ ಹೆಸರು ಅಂತ ಕೆಲವರು, ಅವರ ಹೆಂಡತಿಯ ಹೆಸರು ಅಂತ ಕೆಲವರು. ಅದೇ ಲ್ಯಾಮಿಂಗ್ಟನ್ 1903ರಿಂದ 1907ರವರೆಗೆ ಬೊಂಬಾಯಿಯ ಗವರ್ನರ್. ಆಗ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಎಲ್ಲ ಬೊಂಬಾಯಿ ಪ್ರಾಂತ್ಯದಲ್ಲಿದ್ದವು. ಹುಬ್ಬಳ್ಳಿಯ ಶಾಲೆಗೂ ಮುಂಬೈಯ ಲ್ಯಾಮಿಂಗ್ಟನ್ ರೋಡಿಗೂ ಹೆಸರು ಬಂದದ್ದು ಆ ಕಾಲದಿಂದ. ಇತ್ತ ಬ್ರಿಸ್ಬೇನ್‌ನ ದಕ್ಷಿಣಕ್ಕೆ ಲ್ಯಾಮಿಂಗ್ಟನ್ ರಾಷ್ಟ್ರೀಯ ಉದ್ಯಾನ ಇದೆ. ಅದೂ ಅವರ ಹೆಸರಿನದೇ.

ಇನ್ನೊಂದು ಸಂಗತಿ. 1940ರ ಮಾರ್ಚ್ 13ರಂದು ಲಂಡನ್ನಿನ ಕ್ಯಾಕ್ಸ್‌ಟನ್ ಹಾಲ್‌ನಲ್ಲಿ ಉಧಮ್ ಸಿಂಗ್, ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಓ'ಡ್ವಾಯರ್‌ನನ್ನು ಗುಂಡಿಟ್ಟು ಕೊಂದರಲ್ಲ, ಜಲಿಯನ್‌ವಾಲಾ ಬಾಗ್‌ನ ಲೆಕ್ಕ ತೀರಿಸಲು? ಅಂದು ಅದೇ ವೇದಿಕೆಯ ಹತ್ತಿರ ಇದ್ದು ಗಾಯಗೊಂಡವರಲ್ಲಿ ಈ ಲ್ಯಾಮಿಂಗ್ಟನ್ ಕೂಡ ಒಬ್ಬರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮಕ್ಕಳಿಗೆ ಕೇಕ್ ಕೊಡುವಾಗ ನಾನು ಈ ಕಥೆಯನ್ನೂ ಹೇಳುತ್ತೇನೆ. ಯಾರ ಹೆಸರು, ಅವರು ಯಾರನ್ನು ಆಳಿದರು ಅನ್ನುವುದೂ ಮಕ್ಕಳಿಗೆ ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಮಾಡಿದವರು ಯಾರು?

ಗವರ್ನರ್ ಮನೆಯ ಫ್ರೆಂಚ್ ಅಡುಗೆಯವರು ಅರ್ಮಾಂಡ್ ಗ್ಯಾಲಂಡ್, ದಿಢೀರ್ ಬಂದ ಅತಿಥಿಗಳಿಗೆ ಹಿಂದಿನ ದಿನದ ಕೇಕನ್ನೇ ಚಾಕೊಲೇಟ್‌ನಲ್ಲಿ ಅದ್ದಿ ಕೊಟ್ಟರು ಅನ್ನುವುದು ಹೆಚ್ಚು ಓಡಾಡುವ ಕಥೆ. ಬ್ರಿಸ್ಬೇನ್‌ನಲ್ಲಿ ಅಂತ ಕೆಲವರು, ಬೆಟ್ಟದ ಮೇಲಿನ ಟೂವೂಂಬಾದಲ್ಲಿ ಅಂತ ಕೆಲವರು ವಾದ ಮಾಡುತ್ತಾರೆ. ನ್ಯೂಜಿಲೆಂಡಿನವರೇ ಕಂಡುಹಿಡಿದರು ಎಂಬ ಸುದ್ದಿ ನಿಮಗೆ ಎಲ್ಲಾದರೂ ಸಿಕ್ಕಿದ್ದರೆ, ಅದು 2014ರ ಏಪ್ರಿಲ್ 1ರಂದು ಒಂದು ಪತ್ರಿಕೆ ಮಾಡಿದ ಏಪ್ರಿಲ್ ಫೂಲ್. ಜುಲೈ 21ನ್ನು ಆಸ್ಟ್ರೇಲಿಯಾದಲ್ಲಿ ಲ್ಯಾಮಿಂಗ್ಟನ್ ದಿನ ಅಂತ ಆಚರಿಸುತ್ತಾರೆ.

ಸರಿ, ಅಳತೆ ಹೇಳಿ.

ಇದು 20 × 30 ಸೆಂಟಿಮೀಟರ್ ಟಿನ್‌ಗೆ. ಇಲ್ಲಿನ ಅಂಗಡಿಯಲ್ಲಿ ಲ್ಯಾಮಿಂಗ್ಟನ್ ಟಿನ್ ಅಂತಲೇ ಕೇಳಿದರೆ ಈ ಅಳತೆಯದು ಸಿಗುತ್ತದೆ. 5 ಸೆಂಟಿಮೀಟರ್ ಚೌಕದ 24 ತುಂಡು ಬರುತ್ತವೆ, ಸರಿಯಾಗಿ ಎರಡು ಡಜನ್.

ಕೇಕಿಗೆ: ಮೆತ್ತಗಿನ ಬೆಣ್ಣೆ 125 ಗ್ರಾಂ, ಸಕ್ಕರೆ 220 ಗ್ರಾಂ, ಮೊಟ್ಟೆ 3, ಸೆಲ್ಫ್ ರೈಸಿಂಗ್ ಹಿಟ್ಟು 260 ಗ್ರಾಂ, ಹಾಲು 125 ಮಿಲಿ, ವೆನಿಲ್ಲಾ ಎಸೆನ್ಸ್ 1 ಟೀ ಚಮಚ.

ಬೆಣ್ಣೆ ಸಕ್ಕರೆಯನ್ನು ಬೆಳ್ಳಗಾಗುವ ತನಕ ಚೆನ್ನಾಗಿ ಕಡೆಯಿರಿ. ಮೊಟ್ಟೆಗಳನ್ನು ಒಂದೊಂದಾಗಿ ಹಾಕಿ ಕಡೆಯಿರಿ, ಎಸೆನ್ಸ್ ಸೇರಿಸಿ. ಜರಡಿ ಹಿಡಿದ ಹಿಟ್ಟು, ಹಾಲು, ಮತ್ತೆ ಹಿಟ್ಟು ಅಂತ ಬದಲಿಸಿ ಬದಲಿಸಿ ಹಾಕಿ ಮೆಲ್ಲಗೆ ಕಲಸಿ. ಬಟರ್ ಪೇಪರ್ ಹಾಸಿದ ಟಿನ್‌ಗೆ ಸುರಿದು 180 ಡಿಗ್ರಿಯಲ್ಲಿ ಸುಮಾರು 30 ನಿಮಿಷ ಬೇಯಿಸಿ. ಫ್ಯಾನ್ ಓವನ್ ಆದರೆ 160 ಸಾಕು. ನಡುವೆ ಚುಚ್ಚಿದ ಕಡ್ಡಿಗೆ ಹಿಟ್ಟು ಅಂಟಬಾರದು.

ಸೆಲ್ಫ್ ರೈಸಿಂಗ್ ಹಿಟ್ಟು ಇಲ್ಲದಿದ್ದರೆ ಪ್ರತಿ 150 ಗ್ರಾಂ ಮೈದಾಕ್ಕೆ 2 ಟೀ ಚಮಚ ಬೇಕಿಂಗ್ ಪೌಡರ್ ಬೆರೆಸಿ ಜರಡಿ ಹಿಡಿದರೆ ಅದೇ ಆಯಿತು.

ಒಂದು ಎಚ್ಚರಿಕೆ. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿ, ಬೇರೆ ಹೆಚ್ಚಿನ ದೇಶಗಳಲ್ಲಿ 15. ಕಪ್ ಇಲ್ಲಿ 250 ಮಿಲಿ. ಇಲ್ಲಿನ ಪುಸ್ತಕ ನೋಡಿ ಊರಲ್ಲಿ ಮಾಡುವವರು, ಅಮೆರಿಕದ ವಿಡಿಯೋ ನೋಡಿ ಇಲ್ಲಿ ಮಾಡುವವರು ಇದನ್ನು ನೆನಪಿಡಿ. ನಾನು ಗ್ರಾಂನಲ್ಲೇ ಕೊಡುವುದು ಅದಕ್ಕೇ.

ಮೊಟ್ಟೆ ಹಾಕದೆ ಆಗುತ್ತಾ? ಅತ್ತೆ ತಿನ್ನುವುದಿಲ್ಲ.

ಖಂಡಿತ ಆಗುತ್ತದೆ. ನಮ್ಮ ಮನೆಯಲ್ಲಿ ಜಾಸ್ತಿ ಮಾಡುವುದು ಇದನ್ನೇ. ಸಾದಾ ಬೆಣ್ಣೆ ಕೇಕಿಗಿಂತ ಇದು ಒಂದು ದಿನ ಹೆಚ್ಚು ಮೆತ್ತಗಿರುತ್ತದೆ.

ಮೈದಾ 300 ಗ್ರಾಂ, ಹೆಚ್ಚು ಹುಳಿಯಿಲ್ಲದ ಗಟ್ಟಿ ಮೊಸರು 375 ಗ್ರಾಂ, ಸಕ್ಕರೆ 225 ಗ್ರಾಂ, ವಾಸನೆಯಿಲ್ಲದ ಎಣ್ಣೆ 175 ಮಿಲಿ, ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ವೆನಿಲ್ಲಾ 2 ಟೀ ಚಮಚ, ಚಿಟಿಕೆ ಉಪ್ಪು.

ಮೊಸರಿಗೆ ಸಕ್ಕರೆ ಹಾಕಿ ಪೂರ್ತಿ ಕರಗಿಸಿ. ಸೋಡಾ, ಬೇಕಿಂಗ್ ಪೌಡರ್ ಬೆರೆಸಿ ಐದು ನಿಮಿಷ ಸುಮ್ನೆ ಬಿಡಿ. ಮೊಸರಿನ ಹುಳಿಗೂ ಸೋಡಾಕ್ಕೂ ಸೇರಿ ಗಾಳಿ ಹುಟ್ಟುತ್ತದೆ, ಮೇಲೆಲ್ಲ ನೊರೆ ಬರುತ್ತದೆ. ಮೊಟ್ಟೆ ಮಾಡುವ ಕೆಲಸವನ್ನು ಇಲ್ಲಿ ಅರ್ಧ ಈ ನೊರೆಯೇ ಮಾಡುತ್ತದೆ. ಎಣ್ಣೆ, ವೆನಿಲ್ಲಾ ಸೇರಿಸಿ, ಉಪ್ಪು ಬೆರೆಸಿದ ಮೈದಾವನ್ನು ಜರಡಿ ಹಿಡಿದು ಹಾಕಿ. ಗಂಟು ಒಡೆಯುವಷ್ಟೇ ಕಲಸಿ. ಜಾಸ್ತಿ ಕಲಸಿದರೆ ಮೈದಾ ನಾರು ಬಿಟ್ಟು ಕೇಕ್ ಗಟ್ಟಿಯಾಗುತ್ತದೆ. ಕಲಸಿದ ಮೇಲೆ ಕಾಯಿಸಬೇಡಿ, ಬಿಸಿಯಾದ ಓವನ್‌ಗೆ ತಕ್ಷಣ ಇಡಿ. 180 ಡಿಗ್ರಿ, 30ರಿಂದ 35 ನಿಮಿಷ.

ಚಾಕೊಲೇಟ್ ಐಸಿಂಗ್ ಎಷ್ಟು ತೆಳುವಾಗಿರಬೇಕು?

ಮಜ್ಜಿಗೆಗಿಂತ ಗಟ್ಟಿ, ದೋಸೆ ಹಿಟ್ಟಿಗಿಂತ ತೆಳು.

ಐಸಿಂಗ್ ಸಕ್ಕರೆ 500 ಗ್ರಾಂ, ಕೋಕೋ ಪುಡಿ 40 ಗ್ರಾಂ ಎರಡನ್ನೂ ಒಟ್ಟಿಗೆ ಜರಡಿ ಹಿಡಿಯಿರಿ. ಬೆಣ್ಣೆ 20 ಗ್ರಾಂ, ಬಿಸಿ ಹಾಲು 125 ಮಿಲಿ ಹಾಕಿ ಕಲಸಿ. ಗಟ್ಟಿ ಅನ್ನಿಸಿದರೆ ಹಾಲನ್ನು ಒಂದೊಂದೇ ಚಮಚ ಹೆಚ್ಚಿಸಿ. ಬೋಗುಣಿಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಇಟ್ಟುಕೊಂಡೇ ಅದ್ದಿ, ಆರಿದಂತೆ ಐಸಿಂಗ್ ದಪ್ಪವಾಗುತ್ತದೆ. ಸಿಹಿಯಿಲ್ಲದ ಕೋಕೋ ಪುಡಿಯೇ ಬೇಕು. ಕುಡಿಯುವ ಚಾಕೊಲೇಟ್ ಪುಡಿ ಹಾಕಿದರೆ ಸಿಹಿ ಬರುತ್ತದೆ, ಬಣ್ಣವೂ ರುಚಿಯೂ ಬರುವುದಿಲ್ಲ.

ಅದ್ದುವಾಗ ಕೇಕ್ ಪುಡಿಪುಡಿಯಾಗುತ್ತದೆ. ಯಾಕೆ?

ಕೇಕ್ ತಾಜಾ ಇದೆ, ಅದಕ್ಕೆ. ಎಲ್ಲರೂ ಜಾಸ್ತಿ ಕೇಳುವ ಪ್ರಶ್ನೆ ಇದು, ಉತ್ತರವೂ ಇಷ್ಟೇ.

ಬೇಯಿಸಿದ ಕೇಕ್ ಪೂರ್ತಿ ಆರಿದ ಮೇಲೆ ಮುಚ್ಚಿ ಒಂದು ರಾತ್ರಿ ಇಡಿ. ಮರುದಿನ ಅಂಚುಗಳನ್ನು ತೆಳುವಾಗಿ ತೆಗೆದು, ಗರಗಸದಂಥ ಹಲ್ಲಿರುವ ಬ್ರೆಡ್ ಚಾಕುವಿನಿಂದ ಚೌಕ ಮಾಡಿ. ಚಾಕುವನ್ನು ಒತ್ತಬೇಡಿ, ಹಿಂದೆ ಮುಂದೆ ಎಳೆಯಿರಿ. ತುಂಡುಗಳನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟರೆ ಇನ್ನೂ ಒಳ್ಳೆಯದು, ಅಂಚು ಬಿಗಿಯಾಗುತ್ತದೆ. ಶಾಲೆಯ ಹಾಲ್‌ನಲ್ಲೂ ಹೀಗೇ ಮಾಡುತ್ತಾರೆ.

ಆದರೂ ಸ್ವಲ್ಪ ಪುಡಿ ಐಸಿಂಗ್‌ಗೆ ಬಿದ್ದೇ ಬೀಳುತ್ತದೆ. ಎಲ್ಲ ಐಸಿಂಗನ್ನೂ ಒಂದೇ ಬೋಗುಣಿಗೆ ಹಾಕದೆ ಎರಡು ಪಾಲು ಮಾಡಿಕೊಳ್ಳಿ. ಮೊದಲ ಪಾಲು ಕೊಳೆಯಾದರೆ ಸೋಸಿ, ಎರಡನೆಯದರಲ್ಲಿ ಮುಂದುವರಿಸಿ. ಕೊಬ್ಬರಿಯನ್ನೂ ಸ್ವಲ್ಪ ಸ್ವಲ್ಪವೇ ತಟ್ಟೆಗೆ ಹಾಕಿಕೊಳ್ಳಿ. ಒಬ್ಬರೇ ಮಾಡುತ್ತಿದ್ದರೆ ಒಂದು ಕೈ ಚಾಕೊಲೇಟ್‌ಗೆ, ಇನ್ನೊಂದು ಕೊಬ್ಬರಿಗೆ. ಎರಡನ್ನೂ ಬೆರೆಸಬೇಡಿ.

ಕೊಬ್ಬರಿ ಯಾವುದು ಬಳಸಬೇಕು? ತಿಪಟೂರಿನ ಕೊಬ್ಬರಿ ತುರಿದರೆ ನಡೆಯುತ್ತಾ?

ಅಂಗಡಿಯಲ್ಲಿ ಡೆಸಿಕೇಟೆಡ್ ಕೊಕೊನಟ್ ಅಂತ ಪ್ಯಾಕೆಟ್ ಸಿಗುತ್ತದಲ್ಲ, ಅದು ಸಣ್ಣಗೆ, ಬೆಳ್ಳಗೆ, ಒಣಗಿರುತ್ತದೆ. 24 ತುಂಡಿಗೆ 300 ಗ್ರಾಂ ಇಟ್ಟುಕೊಳ್ಳಿ. ಅದನ್ನು ಹಸಿ ತೆಂಗಿನ ಬಿಳಿ ಭಾಗದಿಂದ, ಕಂದು ಸಿಪ್ಪೆ ತೆಗೆದು ಮಾಡುತ್ತಾರೆ. ನಮ್ಮ ಉಂಡೆ ಕೊಬ್ಬರಿ ಕಾಯೊಳಗೇ ಒಣಗಿದ್ದು. ಎಣ್ಣೆ ಜಾಸ್ತಿ, ಪರಿಮಳವೂ ಜಾಸ್ತಿ. ಅದನ್ನು ಬಳಸುವುದಾದರೆ ಕಂದು ಸಿಪ್ಪೆ ಹೆರೆದು, ಸಣ್ಣ ತುರಿಮಣೆಯಲ್ಲಿ ತುರಿದು, ಪೇಪರ್ ಮೇಲೆ ಹರಡಿ ಸ್ವಲ್ಪ ಆರಲು ಬಿಡಿ. ನನಗೆ ಆ ರುಚಿಯೇ ಹೆಚ್ಚು ಇಷ್ಟ, ಹೋಳಿಗೆ ಊಟದ ದಿನ ಹಾಗೇ ಮಾಡುತ್ತೇನೆ. ಹಸಿ ತೆಂಗಿನ ತುರಿ ಮಾತ್ರ ಬೇಡ. ನೀರಿನಂಶಕ್ಕೆ ಒಂದೇ ದಿನದಲ್ಲಿ ಹಳಸುತ್ತದೆ.

ಓವನ್ ಇಲ್ಲದವರು?

ಮೇಲಿನ ಅಳತೆಯ ಅರ್ಧ ತೆಗೆದುಕೊಂಡರೆ 20 ಸೆಂಟಿಮೀಟರ್‌ನ ಒಂದು ದುಂಡು ಟಿನ್ ತುಂಬುತ್ತದೆ. ದಪ್ಪ ತಳದ ದೊಡ್ಡ ಪಾತ್ರೆಗೆ ಅಥವಾ ದೊಡ್ಡ ಕುಕ್ಕರ್‌ಗೆ ಒಂದು ಪದರ ಉಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಕುಕ್ಕರ್ ಆದರೆ ಗ್ಯಾಸ್ಕೆಟ್ಟೂ ವಿಷಲ್ಲೂ ತೆಗೆದಿರಬೇಕು, ಮರೆಯಬೇಡಿ. ಟಿನ್ ಇಟ್ಟು ಸಣ್ಣ ಉರಿಯಲ್ಲಿ 40ರಿಂದ 45 ನಿಮಿಷ. ದುಂಡು ಕೇಕಿನಿಂದ ಚೌಕ ಕತ್ತರಿಸಿದಾಗ ಅಂಚು ಜಾಸ್ತಿ ಉಳಿಯುತ್ತದೆ, ಅದಕ್ಕೆ ಕೊನೆಯಲ್ಲಿ ಉಪಾಯ ಹೇಳಿದ್ದೇನೆ.

ಗುಲಾಬಿ ಬಣ್ಣದ ಲ್ಯಾಮಿಂಗ್ಟನ್ ಸಸ್ಯಾಹಾರವೇ?

ಬಹಳ ಸಲ ಅಲ್ಲ. ಚಾಕೊಲೇಟ್ ಬದಲು ರಾಸ್ಪ್‌ಬೆರಿ ಜೆಲ್ಲಿಯಲ್ಲಿ ಅದ್ದುತ್ತಾರೆ. ಅಂಗಡಿಯ ಜೆಲ್ಲಿ ಪುಡಿಯಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಗಳ ಮೂಳೆ ಚರ್ಮದಿಂದ ಬರುವುದು. ಸ್ಟಾಲಿನಲ್ಲಿ ಕೊಳ್ಳುವ ಮೊದಲು ಕೇಳಿ. ಮನೆಯಲ್ಲಿ ಮಾಡುವುದಾದರೆ ಅಗರ್ ಅಗರ್ ಹಾಕಿದ ಜೆಲ್ಲಿ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ.

ನಡುವೆ ಜಾಮ್, ಕ್ರೀಮ್ ಹಾಕಬಹುದಾ?

ಜಾಮ್ ಹಾಕಿ, ಚೆನ್ನಾಗಿರುತ್ತದೆ. ಕ್ರೀಮ್ ಮನೆಗೆ ಸರಿ, ಸ್ಟಾಲಿಗೆ ಬೇಡ. ಬಿಸಿಲಿನಲ್ಲಿ ಕೆಡುತ್ತದೆ.

ಎಷ್ಟು ದಿನ ಇಡಬಹುದು?

ಗಾಳಿಯಾಡದ ಡಬ್ಬಿಯಲ್ಲಿ ಹೊರಗೇ ಮೂರು ದಿನ. ಫ್ರಿಜ್‌ನಲ್ಲಿ ಇಟ್ಟರೆ ಕೇಕ್ ಗಟ್ಟಿಯಾಗುತ್ತದೆ. ಫ್ರೀಜರ್‌ನಲ್ಲಿ ಒಂದು ತಿಂಗಳು ಧಾರಾಳವಾಗಿ ಇರುತ್ತದೆ. ಬೆಳಿಗ್ಗೆ ಟಿಫಿನ್ ಡಬ್ಬಿಗೆ ಒಂದು ಹಾಕಿದರೆ ಮಕ್ಕಳ ಬಿಡುವಿನ ಹೊತ್ತಿಗೆ ಹದವಾಗಿ ಕರಗಿರುತ್ತದೆ.

ಶಾಲೆಗೆ ಮಾಡಿಕೊಡುವಾಗ ಏನು ಗಮನಿಸಬೇಕು?

ಡಬ್ಬಿಯ ಮೇಲೆ ಚೀಟಿ ಅಂಟಿಸಿ: ಏನೇನು ಹಾಕಿದ್ದೀರಿ, ಯಾವ ದಿನ ಮಾಡಿದ್ದು. ಗೋಧಿ, ಹಾಲು, ಮೊಟ್ಟೆ ಇವನ್ನು ಎದ್ದು ಕಾಣುವಂತೆ ಬರೆಯಿರಿ. ಮೊಟ್ಟೆ ಇಲ್ಲದಿದ್ದರೆ ಅದನ್ನೂ ಬರೆಯಿರಿ. ಆ ಡಬ್ಬಿಯನ್ನು ಹುಡುಕಿಕೊಂಡು ಬರುವವರು ಇದ್ದಾರೆ. ಬಾದಾಮಿ, ಗೋಡಂಬಿ, ಕಡಲೆಕಾಯಿ ಮುಟ್ಟಿದ ಚಾಕು ಪಾತ್ರೆ ಬಳಸಬೇಡಿ. ಈ ಅಲರ್ಜಿ ಮಕ್ಕಳ ಜೀವಕ್ಕೇ ಅಪಾಯ ತರುತ್ತದೆ. ಮನೆಯಲ್ಲಿ ಮಾಡಿದ್ದನ್ನು ಮಾರುವ ನಿಯಮ ರಾಜ್ಯಕ್ಕೊಂದು ಇದೆ. ಸಂಘದವರನ್ನು ಮೊದಲೇ ಕೇಳಿ.

ಇಂಗ್ಲಿಷ್ ಅಷ್ಟು ಚೆನ್ನಾಗಿ ಬರುವುದಿಲ್ಲ, ಯಾರ ಪರಿಚಯವೂ ಇಲ್ಲ. ಹೋಗಲಾ?

ಹೋಗಿ. ದಯವಿಟ್ಟು ಹೋಗಿ. ಈ ಕೆಲಸಕ್ಕೆ ಮಾತು ಕಡಿಮೆ ಸಾಕು. ಕೈಗೆ ಗ್ಲೌಸ್ ಕೊಟ್ಟು ಮೇಜಿನ ಮುಂದೆ ನಿಲ್ಲಿಸುತ್ತಾರೆ, ಪಕ್ಕದವರನ್ನು ನೋಡಿ ಮಾಡಿದರಾಯಿತು. ಗಂಡಸರೂ ಹೋಗಿ, ನಮ್ಮ ಸಾಲಿನಲ್ಲಿ ಚೆನ್ನಾಗಿ ಕತ್ತರಿಸುತ್ತಿದ್ದವರು ಒಬ್ಬ ಅಪ್ಪ, ಅಳತೆಪಟ್ಟಿ ಇಟ್ಟುಕೊಂಡು ಕತ್ತರಿಸುತ್ತಿದ್ದರು. ದಿನವಿಡೀ ಬಿಡುವಿಲ್ಲದಿದ್ದರೆ ಒಂದು ಗಂಟೆ ಬರುತ್ತೇನೆ ಅಂತ ಹೇಳಿ, ಅದಕ್ಕೂ ಜಾಗ ಇರುತ್ತದೆ. ಊರಲ್ಲಿ ಮದುವೆಮನೆಗೆ ಹೋಗಿ ತರಕಾರಿ ಹೆಚ್ಚಲು ಕೂತವರಿಗೆ ಇದು ಹೊಸದೇನೂ ಅಲ್ಲ, ಅಲ್ವಾ?

ಕರ್ನಾಟಕದ ಶಾಲೆಯಲ್ಲಿ ಮಾಡಬಹುದಾ?

ನಮ್ಮ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದಲ್ಲ, ಅಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಸಂತೆಯ ಉದ್ದೇಶ ಹಣ ಕೂಡಿಸುವುದಕ್ಕಿಂತ ಮಕ್ಕಳು ಲೆಕ್ಕ, ವ್ಯಾಪಾರ ಕಲಿಯುವುದು. ಕೇಕನ್ನು ಹಿಂದಿನ ದಿನ ದೊಡ್ಡವರು ಮಾಡಿಕೊಟ್ಟರೆ, ಕೊಬ್ಬರಿಯಲ್ಲಿ ಹೊರಳಿಸುವುದನ್ನು ಐದನೇ ತರಗತಿಯ ಮಕ್ಕಳೂ ಕೈ ತೊಳೆದುಕೊಂಡು ಮಾಡಬಹುದು. ಬಿಸಿನೀರಿನ ಮೇಲಿನ ಐಸಿಂಗ್ ದೊಡ್ಡವರ ಕೈಯಲ್ಲಿರಲಿ. ಏಪ್ರಿಲ್ ಬಿಸಿಲಿಗೆ ಬೇಡ, ನವೆಂಬರ್‌ನಿಂದ ಜನವರಿಯೊಳಗೆ ಸರಿಯಾಗುತ್ತದೆ. ಇಲ್ಲೂ ಆರ್ಡರ್ ಮೊದಲೇ ಬರೆಸಿಕೊಳ್ಳುವ ಪದ್ಧತಿ ಇಟ್ಟುಕೊಳ್ಳಿ.

ಉಳಿದ ಅಂಚು, ಚೂರು, ಐಸಿಂಗ್ ಏನು ಮಾಡುವುದು?

ಅಂಚುಗಳನ್ನು ಕೈಯಲ್ಲೇ ಪುಡಿ ಮಾಡಿ. ಸೋಸಿದ ಐಸಿಂಗನ್ನು ಚಮಚ ಚಮಚವಾಗಿ ಹಾಕಿ, ಹಿಡಿದರೆ ಹಿಡಿಯಾಗುವ ಹದಕ್ಕೆ ಕಲಸಿ. ನಿಂಬೆ ಗಾತ್ರದ ಉಂಡೆ ಕಟ್ಟಿ, ತಟ್ಟೆಯಲ್ಲಿ ಉಳಿದ ಕೊಬ್ಬರಿಯಲ್ಲಿ ಹೊರಳಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಿ. ಏಲಕ್ಕಿ ಪುಡಿ ಒಂದು ಚಿಟಿಕೆ ಹಾಕಿದರೆ ಇನ್ನೂ ರುಚಿ. ಶಾಲೆಯ ಹಾಲ್‌ನಲ್ಲಿ ಈ ಉಂಡೆಗಳು ಮಾರಾಟಕ್ಕೆ ಹೋಗುವುದಿಲ್ಲ, ಮೇಜು ಒರೆಸಿದ ಮೇಲೆ ಕೆಲಸ ಮಾಡಿದವರಿಗೆ ಚಹಾದ ಜೊತೆ ಕೊಡುತ್ತಾರೆ.